ಕಪ್ಪೆಯ ಫೋಟೊ ಮತ್ತು ಮಾವನ ಬಾಯಿ

ಬೆಟಗೇರಿಯ ನಮ್ಮ ಸೋದರಮಾವನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಯಾರೂ ಸಮಾಧಾನ ಹೇಳಬೇಡಿ. ಆಯುಷ್ಯವೆಲ್ಲ ಬಸ್ ಕಂಡಕ್ಟರಾಗಿದ್ದ ಮನುಷ್ಯ. ನಿವೃತ್ತರಾಗಿದ್ದರೂ ಕುಡಿಯಲು ನೀರು ಕೇಳಿದರೆ, ಹಿಂದಿನ ಸೀಟಿನವರಿಗೆ ಶಿರಹಟ್ಟಿ ಬಂತೆಂದು ಕೂಗಿದ ಹಾಗಿರುತ್ತದೆ.

ಇಂಥವರು ಸಾಕಿದ್ದೇನನ್ನು? ಹೆಬ್ಬೆರಳಿನಷ್ಟು ಕಪ್ಪೆಗಳನ್ನು! ಬಚ್ಚಲಿಗೆ ಬಂದವನ್ನು ಹೊರಗೆ ಹಾಕಿರೆಂದು ಅತ್ತೆ ಹೇಳಿದರೆ, ಮೀನು ಸತ್ತು ಖಾಲಿಯಾಗಿದ್ದ ಗಾಜಿನ ಪೆಟ್ಟಿಗೆಗೆ ಹಾಕಿದರು. 'ಬಚ್ಚಲದ ಹೊರಗನ ಹಾಕೇನಲ್ಲ' ಎಂದರಂತೆ. ಅತ್ತೆ ಈ ಕತೆ ಹೇಳುವಾಗ ಕಪ್ಪೆ ಮೂರು, ಮಾವ ಹೇಳುವಾಗ ಎರಡು. ನೆನಪಿನ ಕಾರಭಾರವೇ ಅಷ್ಟು. ನನ್ನದನ್ನೂ ಪೂರ್ತಿ ನಂಬಬೇಡಿ.

ಈ ಚಳಿಗಾಲದಲ್ಲಿ ಅವುಗಳಲ್ಲಿ ಸಣ್ಣದು ತಿನ್ನುವುದನ್ನು ಬಿಟ್ಟಿತು. ಬೆನ್ನ ಮೇಲೆ ಏನೋ ಬಿಳುಪು. ಲಕ್ಷ್ಮೇಶ್ವರದ ಪರಿಚಯದ ಪಶುವೈದ್ಯರಿಗೆ ಮಾವ ಫೋನು ಮಾಡಿದರು. 'ಹತ್ತರಿಂದ ಒಂದು ಚೊಲೊ ಫೋಟೊ ತಗದು ಕಳಸ್ರಿ. ನೋಡಲಾರದ ಔಷಧ ಹೇಳಿದ್ರ ಸತ್ತ ಹೊಕ್ಕೈತಿ' ಎಂದರು ಅವರು. ಮಾವ ಕಳಿಸಿದ ಫೋಟೊಗೆ ಬಂದ ಉತ್ತರ: 'ಇದು ಇಡ್ಲಿ ಏನ್ರಿ?'

ಆಮೇಲೆ ನನಗೆ ಬುಲಾವು. ಮುಂಡರಗಿಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಬೆಳಿಗ್ಗೆಯೇ ಅದರ ಬಾಗಿಲು ಹಾಕಿ ಬೈಕಿನ ಮೇಲೆ ಬಂದೆ. ಹೊಸ್ತಿಲಲ್ಲೇ ಶುರುವಾಯಿತು.

'ಎಂಥಾ ಫೋನ್ ಕೊಡಿಸೀಯಲೇ? ಒಂದು ಕಪ್ಪಿ ಕಾಣಂಗಿಲ್ಲ ಅದಕ್ಕ!'

'ಲೆನ್ಸ್ ಒರಸೀಯೇನು ಮಾವಾ?'

'ತಾಸಿಗೊಮ್ಮೆ ಒರಸ್ತೇನಿ.'

ಒರೆಸಿ ತೋರಿಸಿದರು. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ, ಟಿಕೀಟು ಹರಿಯುವ ಹಾಗೆ ಲೆನ್ಸಿನ ಮೇಲೆ ಎಳೆದರು. ನಾನು ಹಲ್ಲು ಕಚ್ಚಿಕೊಂಡು ಒಣ ಅರಿವೆಯಿಂದ ಒರೆಸಿದೆ. ಆದರೂ ಮಾವ ತೆಗೆದದ್ದೆಲ್ಲ ಮಂಜು. ಫ್ಲಾಶ್ ಗಾಜಿಗೆ ಬಡಿದು ತಿರುಗಿ ಬರುತ್ತಿತ್ತು, ಆರಿಸಿದೆ. ಪೆಟ್ಟಿಗೆಯನ್ನು ಕಿಟಕಿಯ ಬೆಳಕಿಗೆ ತಂದೆ. ಇಷ್ಟು ಹತ್ತಿರ ಹಿಡಿದರೆ ಯಾವ ಫೋನಿಗೂ ಕಾಣುವುದಿಲ್ಲ, ಗೇಣು ಹಿಂದೆ ಸರಿ ಎಂದೆ.

'ಹಿಂದ ಸರೀರಿ ಅನ್ನೂದು ನನ್ನ ಕೆಲಸ, ನಿಂದಲ್ಲ.'

ಮತ್ತೆ ಮಂಜು. ನಾನೇ ತೆಗೆಯುತ್ತೇನೆಂದರೆ ಫೋನು ಕೊಡಲೊಲ್ಲರು. ಹೊಸಬರನ್ನು ಕಂಡರೆ ಕಪ್ಪೆ ಪೆಟ್ಟಿಗೆಯೊಳಗಿನ ಕಲ್ಲಿನ ಸಂದಿಗೆ ಓಡುತ್ತದಂತೆ. ನನ್ನ ಸಿಟ್ಟು ನೆತ್ತಿಗೇರಿತು.

'ಅಂಗಡಿ ಬಂದ್ ಮಾಡಿ ಬಂದೇನಿ ನಾ!'

'ಗಿರಾಕಿ ಪಾರಾದ್ರು ಬಿಡಪಾ' ಎಂದರು ಅತ್ತೆ ಒಳಗಿನಿಂದ.

ಇನ್ನು ಇವರ ಕೈಯನ್ನೇ ನೋಡಬೇಕೆಂದು ಪಕ್ಕದಲ್ಲಿ ನೆಲಕ್ಕೆ ಕುಳಿತೆ. ಕೈ ಅಲುಗುತ್ತಿರಲಿಲ್ಲ. ಅಲುಗುತ್ತಿದ್ದದ್ದು ತುಟಿ. ಫೋನಿನ ಮಗ್ಗುಲಿಗೇ ಮುಖವಿಟ್ಟು, ಗಾಜಿಗೆ ಬಾಯಿ ಹಚ್ಚಿ, ಆ ಮನುಷ್ಯ ಪಿಸುಗುಡುತ್ತಿದ್ದರು: 'ಏನೂ ಆಗೂದಿಲ್ಲಪಾ. ಹೆದರಬ್ಯಾಡ. ಇಲ್ಲೇ ಅದೇನಿ.' ಒಂದೊಂದು ಮಾತಿಗೂ ಲೆನ್ಸಿನ ಮುಂದಿನ ತಣ್ಣನೆಯ ಗಾಜು ಬೆಳ್ಳಗಾಗುತ್ತಿತ್ತು.

'ಬಾಯಿ ಮುಚ್ಚು ಮಾವಾ.'

'ಮುಚ್ಚಿದ್ರ ಓಡಿ ಹೊಕ್ಕೈತಿ.'

ಮುಚ್ಚಿದರು. ಕಪ್ಪೆ ಓಡಿಯೇ ಹೋಯಿತು. ಕೊನೆಗೆ ಅವರನ್ನು ಪೆಟ್ಟಿಗೆಯ ಆಚೆ ಬದಿಗೆ ಕೂರಿಸಿ ಮಾತಾಡಲು ಬಿಟ್ಟೆ. ಕಪ್ಪೆ ಆ ದನಿಗೆ ಸಂದಿಯಿಂದ ಹೊರಬಂದು ಕುಳಿತಿತು. ಈಚೆಯಿಂದ ನಾನು ತೆಗೆದೆ. ಬೆನ್ನಿನ ಒಂದೊಂದು ಗುಳ್ಳೆಯೂ ಕಾಣುವಂಥ ಫೋಟೊ.

ವೈದ್ಯರು ನೋಡಿ ಫೋನು ಮಾಡಿದರು: 'ರೋಗ ಅಲ್ಲರಿ, ಹಳೇ ತೊಗಲು ಬಿಡಾಕತ್ತೈತಿ. ನೀರು ಬದಲಿ ಮಾಡ್ರಿ, ಮತ್ತ ತಿಂತೈತಿ.'

ಮಾವ ಕಣ್ಣು ಮುಚ್ಚಿ ಉಸಿರು ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. 'ಇಷ್ಟಕ್ಕ ಮುಂಡರಗಿಯಿಂದ ಬಂದೀಯೇನಲೇ, ಉದ್ಯೋಗಿಲ್ಲದವನ?'

ಹೊರಬಿದ್ದೆ. ಹೆಲ್ಮೆಟ್ಟು ಹಾಕಿ ಅದರ ಗಾಜು ಇಳಿಸಿದೆ. ಬೈದದ್ದು ಸಾಲದೆಂದೋ ಏನೋ, ಹಿಂದೆಯೇ ಬಂದರು. ನನ್ನ ಗದ್ದದ ಕೆಳಗೆ ಕೈ ಹಾಕಿ ಪಟ್ಟಿ ಬಿಗಿದಿದೆಯೇ ಎಂದು ಎಳೆದು ನೋಡಿದರು. ಮುಖವನ್ನು ಗಾಜಿಗೆ ಹಚ್ಚಿ, ಹಿಂದಿನ ಸೀಟಿಗಲ್ಲ, ನನಗೊಬ್ಬನಿಗೇ ಕೇಳುವಂತೆ ಹೇಳಿದರು: 'ನಿಧಾನ ಹೋಗಪಾ.'

ಗಾಜು ಬೆಳ್ಳಗಾಯಿತು. ರಸ್ತೆ ಕಾಣಲಿಲ್ಲ. ಅದು ತಾನಾಗಿ ಆರಲೆಂದು, ಸಿಟ್ಟಿನಲ್ಲೇ, ಗಾಡಿ ಚಾಲೂ ಮಾಡದೆ ಕುಳಿತೆ.