ಲೈನ್‌ಮನ್ ಭಾವನ ನಿದ್ದೆ

ಓದುವ ಎಲ್ಲರಿಗೂ ನಮಸ್ಕಾರ. ಮೂವತ್ತೆರಡನೇ ವಯಸ್ಸಿಗೆ ಹತ್ತನೇ ಕ್ಲಾಸು ಮುಗಿಸಿದವನು ನಾನು. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಅಕ್ಕನ ಗಂಡ ಇದ್ದಾರಲ್ಲ, ಹೆತ್ತೂರು ಕಡೆಯ ಹತ್ತಾರು ಊರಿಗೆ ಬೆಳಕು ಕೊಟ್ಟ ಮಹಾನುಭಾವರು. ಆದರೆ ಸ್ವಂತ ಮನೆಯ ಸ್ವಿಚ್ಚು ಮಾತ್ರ ಮುಟ್ಟುತ್ತಿರಲಿಲ್ಲ! ಅಕ್ಕನೇ ಒತ್ತಬೇಕು. ಅವಳು ಒತ್ತುವ ಮುಂಚೆ ಇವರು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲಬೇಕು. ಲೈನ್‌ಮನ್ ಆದವನು ಕರೆಂಟಿಗೆ ಹೆದರುವುದುಂಟೇ ಸ್ವಾಮಿ?

ಕಂಬ ಹತ್ತುವ ಮುಂಚೆ ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುವುದು ಭಾವನ ಪದ್ಧತಿ. ಅದಕ್ಕೆ ಕಾರಣವಿದೆ. ತೊಂಬತ್ತರ ದಶಕದ ಒಂದು ಮಳೆಗಾಲ. ಅವರ ಜೊತೆಗಾರ ಕಂಬದ ಮೇಲಿದ್ದ. ಕರೆಂಟಿಗಾಗಿ ಕಾದು ಬೇಸತ್ತ ಪುಣ್ಯಾತ್ಮನೊಬ್ಬ ಬಿದಿರು ಕೋಲಿನಲ್ಲಿ ಫ್ಯೂಸ್ ಸಿಕ್ಕಿಸಿಬಿಟ್ಟ. ಜೊತೆಗಾರ ಇಳಿಯಲಿಲ್ಲ, ಬಿದ್ದ. ಮತ್ತೆ ಏಳಲಿಲ್ಲ. ಫ್ಯೂಸ್ ಹಾಕಿದವನು ಯಾರೆಂದು ಇಡೀ ಊರಿಗೆ ಗೊತ್ತು. ಬಾಯಿ ಬಿಟ್ಟವರು ಯಾರೂ ಇಲ್ಲ.

ಅವತ್ತಿನಿಂದ ಭಾವನಿಗೆ ಮರೆವು ಶುರುವಾಯಿತು. ಕೆಲಸ ಮುಗಿದರೂ ಫ್ಯೂಸ್ ಜೇಬಿನಲ್ಲೇ! ಒಂದು ಮದುವೆ ಊಟದಲ್ಲಿ ಬಗ್ಗಿದರು ನೋಡಿ, ಪಿಂಗಾಣಿ ಫ್ಯೂಸ್ ಧೊಪ್ಪೆಂದು ಪಾಯಸಕ್ಕೆ ಬಿತ್ತು. ಬೆಳಿಗ್ಗೆಯಿಂದ ಕರೆಂಟಿಲ್ಲದೆ ಶಾಪ ಹಾಕುತ್ತಿದ್ದ ಊರಿನವರೆಲ್ಲ ಅದೇ ಪಂಕ್ತಿಯಲ್ಲಿದ್ದರು.

"ಅಲ್ಲ ಮಾರಾಯ, ನಮ್ಮೂರ ಕರೆಂಟು ನಿನ್ ಎಲೆ ಮೇಲೈತಲ್ಲೋ!" ಎಂದ ಪಕ್ಕದವನು.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ವರ್ಷಗಳು ಉರುಳಿದಂತೆ ಫೋನ್ ರಿಂಗಾದರೆ ಸಾಕು, ಭಾವನ ಅಂಗೈ ಬೆವರುತ್ತಿತ್ತು. ಹೊಟ್ಟೆಯಲ್ಲಿ ಸದಾ ಉರಿ. ಕತ್ತು ತಿರುಗಿಸಬೇಕಾದರೆ ಇಡೀ ಮೈ ತಿರುಗಬೇಕು. ಒಗ್ಗರಣೆ ಚಟಪಟ ಎಂದರೆ ಹಿತ್ತಲಿಗೆ ಓಟ! ಮಗಳನ್ನು ಅಕ್ಕನ ಹೆಸರಿನಿಂದ, ಅಕ್ಕನನ್ನು ನಾಯಿಯ ಹೆಸರಿನಿಂದ ಕರೆಯುತ್ತಿದ್ದರು.

"ನಾಯಿನಾದ್ರೂ ಸರಿಯಾಗಿ ಕರೀರಿ, ಅದಕ್ಕಾದ್ರೂ ಮರ್ಯಾದೆ ಇರ್ಲಿ" ಎಂದಳು ಅಕ್ಕ. ಭಾವನ ತಟ್ಟೆ ಹಾರಿ ಅಂಗಳಕ್ಕೆ ಬಿತ್ತು. ಮೊದಲೆಲ್ಲ ಅವರು ದನಿಯೆತ್ತಿದವರೇ ಅಲ್ಲ.

ಸಕಲೇಶಪುರದ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ.

"ಒಂದೇ ಸಮ ಎರಡು ಗಂಟೆ ನಿದ್ದೆ ಮಾಡಿ ಎಷ್ಟು ದಿನ ಆಯ್ತು?" ಎಂದು ಡಾಕ್ಟರು ಕೇಳಿದರು.

ಭಾವ ಬೆರಳು ಮಡಿಸಿದರು. "ದಿನದ್ ಲೆಕ್ಕ ಗೊತ್ತಿಲ್ಲ ಸಾ. ಮಳೆಗಾಲದ್ ಲೆಕ್ಕದಾಗೆ ಹನ್ನೊಂದು."

"ನೀವು ಕಂಬದಿಂದ ಇಳಿದ್ರೂ ನಿಮ್ಮ ಮೈ ಇನ್ನೂ ಅಲ್ಲೇ ಕೂತಿದೆ. ಬಿ.ಪಿ. ಏರಿದೆ. ನಿದ್ದೆ ಬರ್ಲಿಲ್ಲ ಅಂದ್ರೆ ಹೃದಯ ತಡೆಯಲ್ಲ."

ಊರಿಗೆ ಬಂದು ಹೇಳಿದರೆ ಜನ ಏನೆಂದರು ಗೊತ್ತೇ? "ಸರ್ಕಾರಿ ಸಂಬಳ ತಿನ್ನೋನಿಗೆ ನಿದ್ದೆ ಬರಲ್ವಾ? ನಮ್ ಗದ್ದೆಗೆ ಕಳ್ಸು, ಬರ್ತದೆ!" ಆಫೀಸಿನೊಳಗಿನ ಕೆಲಸ ಕೊಡಿ ಎಂದು ಭಾವ ಅರ್ಜಿ ಹಾಕಿದರು. ಅರ್ಜಿಗೆ ಮಾತ್ರ ಒಳ್ಳೆಯ ನಿದ್ದೆ ಬಂತು.

ಮರುವರ್ಷದ ಮಳೆಗಾಲ, ಒಂದು ಮಧ್ಯಾಹ್ನ ಕರೆಂಟು ಹೋಗಿ ನನ್ನ ಹಿಟ್ಟಿನ ಗಿರಣಿ ನಿಂತುಹೋಯಿತು. ರಾಗಿ ತಂದವರು ನನ್ನ ಮೇಲೆ ಬಿದ್ದರು.

"ನಿಮ್ ಭಾವನ್ನ ಎಳ್ಕಂಡ್ ಬಾರೋ!"

ಸಿಟ್ಟಿನಲ್ಲೇ ಹೋದೆ. ರಾತ್ರಿಯೆಲ್ಲ ಲೈನಿನ ಕೆಲಸ ಮಾಡಿ ಬಂದ ಭಾವ ಮತ್ತೆ ಹೊರಟಿದ್ದರಂತೆ. ಒಂದು ಬೂಟು ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಜಗಲಿಯ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದಾರೆ! ಒಳಗೆ ಫೋನಿನ ರಿಸೀವರ್ ತೆಗೆದು ಪಕ್ಕಕ್ಕಿಟ್ಟು ಬಂದಿದ್ದ ಅಕ್ಕ, ಬಾಗಿಲಲ್ಲೇ ಕಾವಲು ಕೂತಿದ್ದಳು.

"ಎಬ್ಬಿಸ್ಬುಟ್ರೆ ನಿನ್ ಕೈ ಮುರೀತೀನಿ ಕಣೋ" ಎಂದು ಪಿಸುಗುಟ್ಟಿದಳು.

ಗಿರಣಿಗೆ ಬಂದು, "ಭಾವ ಮನೇಲಿಲ್ಲ" ಎಂದೆ. ಜನ ನನ್ನ ಕಣ್ಣೆದುರಿಗೇ ರಾಗಿ ಚೀಲದ ಮೇಲೆ ಕಾಗದವಿಟ್ಟು ದೂರು ಬರೆದರು.

ವಾರದಲ್ಲಿ ನೋಟಿಸು ಬಂತು. 'ಮಧ್ಯಾಹ್ನ ಒಂದರಿಂದ ಮೂರೂವರೆಯವರೆಗೆ ಕರ್ತವ್ಯದಲ್ಲಿ ಇಲ್ಲದ ಕಾರಣ ತಿಳಿಸಿ' ಎಂದಿತ್ತು. ನಾನೇ ಓದಿ ಹೇಳಿದೆ. ಭಾವ ಕಾಗದ ಇಸಿದುಕೊಂಡು ಎರಡು ಸಲ ಓದಿದರು. ಮುಖ ಅರಳಿತು.

"ಲೇ, ಬಾರೇ ಇಲ್ಲಿ! ಎರಡೂವರೆ ಗಂಟೆ ಮಲಗಿದ್ನಲ್ಲೇ! ಮೊಹರು ಒತ್ತಿ ಬರ್ಕೊಟ್ಟವ್ರೆ ನೋಡು. ಜೋಪಾನವಾಗಿ ಮಡಗು, ಡಾಕ್ಟ್ರಿಗೆ ತೋರಿಸ್ಬೇಕು."

ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ನೋಟಿಸನ್ನು ಮಾತ್ರೆ ಚೀಟಿಗಳ ಜೊತೆ ಮಡಿಸಿಟ್ಟಳು.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ ನನಗೆ ಬರೆದು ತಿಳಿಸಿ. ಅವರಿಗೆ ನಿದ್ದೆ ಬಂತೇ ಎನ್ನುವುದನ್ನೂ ಬರೆಯಿರಿ.