ಕೈ ಊರದೆ ಏಳುವ ವಿದ್ಯೆ

ಇದನ್ನು ಬರೆಯಬೇಕೆಂದು ಕುಳಿತು, ಬರೆಯದೆ ಎದ್ದದ್ದು ಎಷ್ಟು ಸಲವೋ! ಈದ್ ರಜೆ ಬರಲಿ ಅಂದೆ, ಸೆಕೆ ಇಳಿಯಲಿ ಅಂದೆ. ಮಸ್ಕತ್ತಿನಲ್ಲಿ ಸೆಕೆ ಇಳಿಯುವುದನ್ನು ಕಾಯುವವನು ಏನನ್ನು ತಾನೇ ಬರೆದಾನು? ಇವತ್ತು ಹೇಳಿಬಿಡುತ್ತೇನೆ: ನನ್ನ ಹೆಂಡತಿಯ ತಮ್ಮ ಸದಾಶಿವನಷ್ಟು ತಲೆಹರಟೆ ಮನುಷ್ಯ ಇಡೀ ಒಮಾನಿನಲ್ಲಿ ಇನ್ನೊಬ್ಬನಿಲ್ಲ!

ಅವನ ಪ್ರಕಾರ ಮನುಷ್ಯನ ಯೋಗ್ಯತೆ ಗೊತ್ತಾಗುವುದು ಅವನು ನೆಲದಿಂದ ಏಳುವ ರೀತಿಯಲ್ಲಿ. ಹೋದ ವರ್ಷ ಅಜೈಬಾದ ನಮ್ಮ ಫ್ಲಾಟಿನಲ್ಲಿ ಚೌತಿಯ ಊಟ. ನೆಲಕ್ಕೆ ಎಲೆ ಹಾಕಿ ಬಡಿಸುವುದು ನಮ್ಮ ಪದ್ಧತಿ. ಊಟ ಮುಗಿಯುವ ಹೊತ್ತಿಗೆ ಇವನು ಪಾಯಸದ ಲೋಟಗಳ ಟ್ರೇ ಹಿಡಿದು ಬಾಗಿಲಲ್ಲಿ ನಿಂತ.

"ಕೈ ಊರಿ ಎದ್ದವರಿಗೆ ಪಾಯಸ ಇಲ್ಲ!"

ನಾನು ಎರಡೂ ಕೈ ಊರಿ, ಪಕ್ಕದವರ ಹೆಗಲನ್ನೂ ಹಿಡಿದು ಎದ್ದೆ. ನನ್ನ ಮನೆ, ನನ್ನ ಗಣಪತಿ, ನನ್ನ ಪಾಯಸ! ನನಗೇ ಇಲ್ಲವಂತೆ! ಸಿಟ್ಟು ಬರುತ್ತದೋ ಇಲ್ಲವೋ, ನೀವೇ ಹೇಳಿ.

ಬೇಸಿಗೆಯಲ್ಲಿ ನಾವೆಲ್ಲ ಮಾಲ್‌ನ ಎ.ಸಿ.ಯಲ್ಲಿ ಬೆಳಗಿನ ನಡಿಗೆ ಮಾಡುವವರು. ನಾನು ಕೈ ಬೀಸಿ, ಬೆವರು ಸುರಿಸಿ ಓಡುತ್ತಿದ್ದರೆ ಹಿಂದಿನಿಂದ ಕೂಗಿದ: "ಭಾವ, ಬಸ್ಸು ತಪ್ಪಿತಾ?"

"ವ್ಯಾಯಾಮ ಮಾರಾಯ, ವ್ಯಾಯಾಮ!"

"ಮಾತಾಡ್ಲಿಕ್ಕೆ ಉಸಿರು ಉಳಿದ್ರೆ ಅದು ವ್ಯಾಯಾಮ. ಇದು ಬರೀ ಗಾಬರಿ."

ನಿಂತು ನಗುತ್ತಿದ್ದ ಫಿಲಿಪಿನೋ ಹುಡುಗಿಯರಿಗೆ ಕನ್ನಡ ಬರುತ್ತಿರಲಿಲ್ಲ ಎಂಬುದೊಂದೇ ಸಮಾಧಾನ.

ಆಮೇಲೆ ಬಂತು ಘೋರ ಅವಮಾನ. ಭಾರ ಎತ್ತುವುದನ್ನು ಕಲಿಸುತ್ತೇನೆಂದು ಹೇಳಿ ನನ್ನ ಎರಡು ಕೈಗೂ ಕುಡಿಯುವ ನೀರಿನ ಸಣ್ಣ ಬಾಟಲಿ ಕೊಟ್ಟ! ಮಕ್ಕಳು ಶಾಲೆಗೆ ಒಯ್ಯುತ್ತಾರಲ್ಲ, ಅದೇ! "ಮೊದಲು ಇದು. ಮೈಗೆ ಅಭ್ಯಾಸ ಆದ ಮೇಲೆ ಒಂದು ಚೂರು ಜಾಸ್ತಿ. ನಡುವೆ ವಿಶ್ರಾಂತಿ. ಅವಸರ ಮಾಡ್ಬೇಡಿ ಭಾವ."

ಅವಸರವಂತೆ! ಇವನು ಹುಟ್ಟುವ ಮೊದಲೇ ಭತ್ತದ ಮೂಟೆ ಹೊತ್ತ ಬೆನ್ನು ಇದು! ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಅಡುಗೆಮನೆಯ ದೊಡ್ಡ ನೀರಿನ ಕ್ಯಾನನ್ನು ಬಗ್ಗಿ ಒಂದೇ ಏಟಿಗೆ ಎತ್ತಿದೆ. ಸೊಂಟ 'ಕಟಕ್' ಅಂದಿತು. ನಾನು ನೆಲಕ್ಕೆ, ಕ್ಯಾನು ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಫ್ರಿಜ್ಜಿನ ಕಡೆಗೆ.

ಹೆಂಡತಿ ಬಂದು ಬೊಬ್ಬೆ ಹೊಡೆದಳು: "ಅಯ್ಯೋ, ಎಂತ ಆಯ್ತು?"

"ಎಂತ ಆಗ್ಲಿಕ್ಕುಂಟು? ನಿನ್ನ ತಮ್ಮನ ವ್ಯಾಯಾಮ!" ಅಂದೆ.

ಅವಳು ಆಗಲೇ ಅವನಿಗೆ ಫೋನು ಮಾಡಿ, "ನನ್ನ ಗಂಡನನ್ನು ಕೊಲ್ತೀಯಾ? ಇನ್ನು ಈ ಮನೆಯ ಮೆಟ್ಟಿಲು ಹತ್ತಿದ್ರೆ ನೋಡು!" ಅಂದಳು. ಆ ಕಡೆಯಿಂದ ಕೇಳಿಸಿದ್ದು ಇಷ್ಟೇ: "ಆಯ್ತು ಅಕ್ಕ."

ಕ್ಲಿನಿಕ್ಕಿನ ಔಷಧಿಯಿಂದ ನೋವು ಇಳಿಯಿತು, ಹೆದರಿಕೆ ಇಳಿಯಲಿಲ್ಲ. ಕುಳಿತರೆ ಏಳಲು ಭಯ. ಕೊನೆಗೆ ಮಾಲ್‌ನ ಬೆಂಚಿನಲ್ಲಿ ಒಬ್ಬನೇ ಕೂತಿದ್ದಾಗ ಇವನು ಬಂದು ಪಕ್ಕದಲ್ಲಿ ಕುಳಿತ.

"ಭಾವ, ಕ್ಯಾನ್ ಅಲ್ವಾ?"

ನಾನು ಎಸ್ಕಲೇಟರನ್ನು ನೋಡುತ್ತಾ ಕುಳಿತೆ.

"ಹೋಗ್ಲಿ ಬಿಡಿ. ಪಾದ ಹಿಂದಕ್ಕೆ ತನ್ನಿ, ಎದೆ ಸ್ವಲ್ಪ ಮುಂದೆ. ನೋವಾದ್ರೆ ನಿಲ್ಸಿ. ಹಾಂ, ಯಲ್ಲಾ, ಏಳಿ!"

ಅಲ್ಲಿಂದ ದಿನವೂ ಅದೇ ಬೆಂಚು. ಮೊದಲು ಬೆಂಚಿನಿಂದ, ಆಮೇಲೆ ಮೆಟ್ಟಿಲಿನಿಂದ, ಕೊನೆಗೆ ನೆಲದಿಂದ. ಮನೆಯಲ್ಲಿ ಮಾತ್ರ, "ಕ್ಲಿನಿಕ್ಕಿನ ಡಾಕ್ಟರು ಹೇಳಿಕೊಟ್ಟದ್ದು" ಎನ್ನುತ್ತಿದ್ದೆ. ಅವನು ಒಮ್ಮೆಯೂ, "ಅಕ್ಕನಿಗೆ ನಿಜ ಹೇಳಿ" ಎನ್ನಲಿಲ್ಲ. ಹೋಗುವಾಗ, "ಅಕ್ಕನ ಶುಗರ್ ಹೇಗುಂಟು?" ಎಂದು ಕೇಳುತ್ತಿದ್ದ, ಅಷ್ಟೇ. ಇಂಥವನ ಮೇಲೆ ಸಿಟ್ಟಾದರೂ ಮಾಡುವುದು ಹೇಗೆ? ಬೇರೆ ದಾರಿಯಿಲ್ಲದೆ ಆ ಸಿಟ್ಟು ನನ್ನ ಕಡೆಗೇ ತಿರುಗಿ ಕೂತಿದೆ.

ಈ ಸಲದ ಚೌತಿ. ಹೆಂಡತಿ ಎಲೆ ಹಾಕುತ್ತಾ, ಅಭ್ಯಾಸಬಲದಿಂದ ಒಂದು ಹೆಚ್ಚು ಹಾಕಿ, ಆಮೇಲೆ ತೆಗೆದಿಟ್ಟಳು. ಊಟವಾದ ಮೇಲೆ ನಾನು ಕೈ ಊರದೆ ಎದ್ದೆ.

"ಅಬ್ಬಾ!" ಎಂದು ಅವಳೇ ಪಾಯಸದ ಲೋಟ ಕೊಟ್ಟಳು. "ಆ ಡಾಕ್ಟರನ್ನು ಒಮ್ಮೆ ಊಟಕ್ಕೆ ಕರೀಬೇಕು. ಎಂತ ಅವರ ಹೆಸರು?"

ನಾನು ಬಾಯಿ ತುಂಬ ಪಾಯಸ ತುಂಬಿಕೊಂಡೆ.

ಈಗ ಬಾಯಿ ಖಾಲಿ ಇದೆ. ಇವಳೇ, ನೀನು ಇದನ್ನು ಓದುತ್ತೀಯೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಆ ಎಲೆಯನ್ನು ಮತ್ತೆ ಹಾಕು. ಅವರ ಹೆಸರು ಸದಾಶಿವ.