ದಾವಣಗೆರೆಗೆ ಹೊರಟ ಸತ್ಯಮೂರ್ತಿ

ಸತ್ಯಮೂರ್ತಿಗಳು ಆ ಮೇಲ್ ಪೂರ್ತಿ ಓದಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಲೇ ಇರಲಿಲ್ಲ. ಲ್ಯಾಬಿನ ಫ್ರೀಜರಿನ ಉಷ್ಣತೆಯನ್ನು ದಿನಕ್ಕೆ ನಾಲ್ಕು ಸಲ ಕಣ್ಣಿಟ್ಟು ಓದುವ ಮನುಷ್ಯ, 'ದಾವಣಗೆರೆ ಲ್ಯಾಬ್ ಮುಖ್ಯಸ್ಥರು: ಸತ್ಯಮೂರ್ತಿ' ಎಂಬ ಒಂದು ಸಾಲು ಕಂಡದ್ದೇ ಫೋನನ್ನು ಜೇಬಿಗಿಳಿಸಿದರು. ಇನ್ನು ಓದುವುದೇನು ಮಣ್ಣು!

ಅವರದ್ದು ಬಯೋಟೆಕ್ ಕಂಪನಿ. ಇಂಥ ಕಂಪನಿಗಳೆಲ್ಲ ಮಹಾನಗರಗಳಲ್ಲೇ ಗುಡ್ಡೆ ಬೀಳುವುದು ಬೇಡ, ಸಣ್ಣ ಊರುಗಳ ಬಿಕೋ ಎನ್ನುವ ಪೇಟೆಗಳಿಗೂ ಜೀವ ಬರಲಿ ಎಂಬ ಸರ್ಕಾರದ ಯೋಜನೆಯೊಂದು ಬಂದಿತ್ತು. ಕಂಪನಿ ದಾವಣಗೆರೆಯ ಹಳೇ ಪೇಟೆಯಲ್ಲಿ ಮುಚ್ಚಿಹೋಗಿದ್ದ ಟಾಕೀಸೊಂದನ್ನು ಹಿಡಿದು ಲ್ಯಾಬ್ ಮಾಡಿತ್ತು. ಅಲ್ಲಿಗೆ ಹೋಗಬೇಕೆಂದು ಸತ್ಯಮೂರ್ತಿಗಳು ಆರು ತಿಂಗಳಿಂದ ಹಂಬಲಿಸುತ್ತಿದ್ದರು. ಮೆಟ್ಟಿಲಿಳಿದರೆ ಪೇಟೆ, ಪೇಟೆ ತುಂಬ ಜನ, ಅವರಲ್ಲಿ ಒಬ್ಬರಾದರೂ 'ಊಟ ಆಯ್ತಾ ಸಾರ್' ಎಂದು ಕೇಳಿಯಾರು. ಹೆಂಡತಿ ರಮಾಮಣಿ ತೀರಿಕೊಂಡು ನಾಲ್ಕು ವರ್ಷ. ಮುಂಬೈ ಗೋರೆಗಾಂವಿನ ಅವರ ಮನೆಯಲ್ಲಿ ಈಗ ಬಾಯಿಬಿಟ್ಟು ಮಾತಾಡುವುದು ಕುಕ್ಕರ್ ಒಂದೇ.

ಸಂತೋಷ ಹೇಳಿಕೊಳ್ಳಲು ಬಾಗಿಲು ತೆರೆದರು. ಎದುರು ಮನೆಯ ಮಂಗಳೂರಿನ ವಾರಿಜಾ ಹಾಲಿನ ಪ್ಯಾಕೆಟ್ ಎತ್ತಿಕೊಳ್ಳುತ್ತಿದ್ದಳು.

"ನನಗೆ ದಾವಣಗೆರೆಗೆ ವರ್ಗ ಆಯ್ತಮ್ಮ!"

"ಹೌದಾ ಮಾರಾಯ್ರೆ! ಒಳ್ಳೇದಾಯ್ತು." ವಾರಿಜಾ ಒಂದು ಕ್ಷಣ ಯೋಚಿಸಿದಳು. "ಮತ್ತೆ ನಿಮ್ಮ ವಾಷಿಂಗ್ ಮಷಿನ್ ಎಂತ ಮಾಡ್ತೀರಿ?"

ಅರ್ಧ ಗಂಟೆಯಲ್ಲಿ ಇಡೀ ಬಿಲ್ಡಿಂಗ್ ಅವರ ನಡುಮನೆಯಲ್ಲಿತ್ತು. ಎರಡನೇ ಮಹಡಿಯವರು ಸೋಫಾ ಮೇಲೆ ಕೂತು ಕುಲುಕಿ ನೋಡಿದರು. ಯಾರೋ ಗೋಡೆ ಗಡಿಯಾರ ಇಳಿಸಿದರು. ಸತ್ಯಮೂರ್ತಿಗಳು ಕೇಳಿದವರಿಗೆಲ್ಲ ಹೂಂ ಅನ್ನುತ್ತ, ಹಾಲು ಮುಗಿಯುವವರೆಗೂ ಕಾಫಿ ಮಾಡಿದರು. ಮನೆಯಲ್ಲಿ ಇಷ್ಟು ಜನ ಸೇರಿದ್ದು ರಮಾಮಣಿಯ ಹದಿಮೂರನೇ ದಿನವೇ ಕೊನೆ. ಅಂದು ಎಲ್ಲರೂ ಪಿಸುಗುಟ್ಟಿದ್ದರು. ಇಂದು ಗಲಾಟೆಯೋ ಗಲಾಟೆ. ಅವರಿಗೆ ಎಷ್ಟು ಹಿತವಾಯಿತೆಂದರೆ, ಯಾರೂ ಕೇಳದಿದ್ದರೂ ಮಿಕ್ಸಿಯನ್ನು ತಾವೇ ಎತ್ತಿ ಕೊಟ್ಟರು.

ಆಫೀಸಿಗೆ ಹೋಗುವ ಲೋಕಲ್ ರೈಲಿನಲ್ಲಿ ಇನ್ನೊಂದು ಕತೆ. ಹನ್ನೊಂದು ವರ್ಷದಿಂದ ಅದೇ ಡಬ್ಬಿ, ಅದೇ ಕಿಟಕಿ, ಅದೇ ಗುಂಪು. ಗುಂಪಿನ ಮುಖಂಡ ವಿಕ್ರಂ, ಬ್ಯಾಂಕಿನಲ್ಲಿ ಕೆಲಸದ ಹುಡುಗ. ಮನೆಯಲ್ಲಿ ಕೇಳಿ ಕಲಿತ ಕನ್ನಡ ಅವನದು.

"ಅಂಕಲ್ ಜಾ ರಹೇ ಹೈ!" ಎಂದು, ಸತ್ಯಮೂರ್ತಿಗಳು ಸುದ್ದಿ ಹೇಳಿದ್ದೇ ತಡ, ಕೂಗಿದ. "ಅಂಕಲ್, ನೀವು ಹನ್ನೊಂದು ವರ್ಷ ಏನೂ ಮಾತೇ ಮಾಡಿಲ್ಲ. ಇವತ್ತು ಮಾತು ಮಾಡಬೇಕು, ಕ್ಯಾ?"

ಯಾರನ್ನು ಬೀಳ್ಕೊಟ್ಟರೂ ಹಾರ ಹಾಕುವುದು ಆ ಡಬ್ಬಿಯ ಪದ್ಧತಿ. ದಾದರ್‌ನಲ್ಲಿ ಒಬ್ಬ ಇಳಿದು, ಹೂವಿನ ಹಾರ ಹಿಡಿದು, ರೈಲು ಹೊರಡುವಷ್ಟರಲ್ಲಿ ಹಾರಿ ಹತ್ತಿದ. ಹಾರ ಹಾಕಿ, ಪೇಢೆ ತಿನ್ನಿಸಿ, ತಾಳ ಕುಟ್ಟಿ ಭಜನೆ ಹಾಡಿದರು. ಅವರ ಕಿಟಕಿ ಸೀಟನ್ನು ಅಲ್ಲೇ ಇನ್ನೊಬ್ಬನಿಗೆ ಒಪ್ಪಿಸಿಯೂ ಆಯಿತು. ಸತ್ಯಮೂರ್ತಿಗಳು ನಿಂತುಕೊಂಡೇ ಅತ್ತರು. ಇಷ್ಟು ಒಳ್ಳೆಯ ಜನರ ಜೊತೆ ಹನ್ನೊಂದು ವರ್ಷ ಬಾಯಿ ಹೊಲಿದುಕೊಂಡು ಕೂತಿದ್ದೆನಲ್ಲ ಎಂದು ತಮ್ಮ ಮೇಲೇ ಸಿಟ್ಟು ಬಂತು.

ಫೋರ್ಟ್ ಬಡಾವಣೆಯ ಆಫೀಸಿಗೆ ಹಾರ ಸಮೇತ ಬಂದವರನ್ನು ಮ್ಯಾನೇಜರ್ ಸಾಧನಾ ಕಣ್ಣರಳಿಸಿ ನೋಡಿದಳು.

"ಇದೇನ್ ಸಾರ್ ಮದುವೆ ಗಂಡು ಥರ?"

"ದಾವಣಗೆರೆಗೆ ಯಾವತ್ತು ಹೊರಡ್ಲಿ ಅಂತ ಕೇಳೋಣ ಅಂತ..."

"ಅಯ್ಯೋ, ಮೇಲ್ ಕೆಳಗಡೆ ಓದ್ಲೇ ಇಲ್ವಾ? ಅಲ್ಲಿ ಕೆಲಸ ಎಲ್ಲ ಆ ಊರಿನವರಿಗೇ ಕೊಡ್ಬೇಕು ಸಾರ್. ಯೋಜನೆ ಷರತ್ತೇ ಅದು. ಹೊರಗಿನವರು ಹೋಗಿ ಕೂತ್ರೆ ಆ ಊರಿಗೇನ್ ಬಂತು? ನೀವು ಕ್ಯಾಮೆರಾದಲ್ಲಿ ನೋಡ್ಕೊಂಡು ಅವರಿಗೆ ಹೇಳಿಕೊಡ್ಬೇಕು, ಅಷ್ಟೆ."

"ಇಲ್ಲಿಂದ?"

"ನಿಮ್ಮನೆಯಿಂದ. ಈ ಆಫೀಸ್ ಶುಕ್ರವಾರ ಬಿಟ್ಟುಕೊಡ್ತಿದೀವಲ್ಲ! ಆರಾಮ್ ಸಾರ್ ನೀವು. ಟ್ರೈನೂ ಇಲ್ಲ, ಜನಗಳ ಕಾಟಾನೂ ಇಲ್ಲ."

ಸತ್ಯಮೂರ್ತಿಗಳು ಹಾರ ತೆಗೆದು ಮಡಿಲಲ್ಲಿಟ್ಟುಕೊಂಡರು. ಅಷ್ಟರಲ್ಲಿ ಕಂಪ್ಯೂಟರ್ ಪರದೆಯ ಮೇಲೆ ದಾವಣಗೆರೆ ಬಂತು. ಹೊಸದಾಗಿ ಸೇರಿದ ಯಲ್ಲಾಲಿಂಗ ಕಿಟಕಿ ತೆರೆದು ಬೀದಿ ತೋರಿಸಿದ. "ನೋಡ್ರಿ ಸರ, ನಾವ್ ಬಂದಮ್ಯಾಲೆ ಎರಡು ಖಾನಾವಳಿ, ಒಂದು ಜೆರಾಕ್ಸ್ ಅಂಗಡಿ ಸುರು ಆಗ್ಯಾವ. ಭಾರಿ ಗದ್ಲ ಐತ್ರಿ!" ಹಿಂದಿನಿಂದ ಯಾರೋ ಮಿರ್ಚಿ ಬಿಸಿ ಆರುತ್ತದೆಂದು ಕರೆದರು. "ಒಂದ್ ನಿಮಿಷ ಸರ" ಎಂದು ಅವನು ಓಡಿದ. ಖಾಲಿ ಕುರ್ಚಿಯನ್ನು ಸತ್ಯಮೂರ್ತಿಗಳು ಇಪ್ಪತ್ತು ನಿಮಿಷ ನೋಡಿದರು.

ಸಂಜೆ ಮೆಟ್ಟಿಲು ಹತ್ತುವಾಗ ಒಂದು ನಿರ್ಧಾರ ಮಾಡಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದು. ವಾರಿಜಾ ಬಾಗಿಲಲ್ಲೇ ಕಾದಿದ್ದಳು.

"ಯಾವಾಗ ಹೊರಡುವುದು ಅಂತ ಹೇಳಿದ್ರಾ?"

ಒಳಗಿನಿಂದ ಒಗ್ಗರಣೆಯ ವಾಸನೆ ಬಂತು. ಮಕ್ಕಳು ಕಿತ್ತಾಡುವ ಸದ್ದು ಬಂತು. ಸತ್ಯಮೂರ್ತಿಗಳ ಬಾಯಿ ತನ್ನಷ್ಟಕ್ಕೆ ಹೇಳಿತು: "ಸೋಮವಾರ."

"ಹಾಗಾದ್ರೆ ಅಲ್ಲಿವರೆಗೆ ನಮ್ಮಲ್ಲೇ ಊಟ. ಬನ್ನಿ, ಬನ್ನಿ, ನಾಚಿಕೆ ಎಂತದ್ದು?"

ಇವತ್ತು ಬುಧವಾರ. ಐದು ರಾತ್ರಿಯ ಊಟ. ತಟ್ಟೆ ಮುಂದೆ ಕೂತು ಸತ್ಯಮೂರ್ತಿಗಳು ತಾವು ಕಾಲಿಡದ ದಾವಣಗೆರೆಯನ್ನು ಬಣ್ಣಿಸಿದರು. ಮಕ್ಕಳು ಬಾಯಿ ಬಿಟ್ಟು ಕೇಳಿದವು. ಸೋಮವಾರದಿಂದ ಹೇಗೆ? ಬಾಗಿಲು ಹಾಕಿಕೊಂಡು, ದೀಪ ಹಚ್ಚದೆ, ಸ್ವಂತ ಮನೆಯಲ್ಲೇ ಕಳ್ಳನಂತೆ ಮೆಲ್ಲಗೆ ಓಡಾಡಿಕೊಂಡಿದ್ದರಾಯಿತು. ಕುಕ್ಕರ್ ಕೂಗಿಸಬಾರದು, ಅಷ್ಟೇ. ಹೇಗೋ ಆಗುತ್ತದೆ.

ವಾರಿಜಾ ಸಾರಿನ ಸೌಟು ಹಿಡಿದು ಬಂದಳು. "ಮನೆ ಚಿಂತೆ ನಿಮಗೆ ಬೇಡ. ಕೀಲಿ ನನಗೆ ಕೊಟ್ಟು ಹೋಗಿ. ರಮಾಮಣಿಯಕ್ಕ ಇದ್ದ ಮನೆ, ಕತ್ತಲೆ ಇರಬಾರದು. ನಾನು ದಿನಾ ಎರಡು ಹೊತ್ತು ಬಂದು ಗುಡಿಸಿ, ದೀಪ ಇಡ್ತೇನೆ."

ಸತ್ಯಮೂರ್ತಿಗಳ ಕಣ್ಣು ತುಂಬಿತು. ನಾಲ್ಕು ವರ್ಷದಲ್ಲಿ ಅವರಿಗೆ ಯಾರೂ ಇಷ್ಟು ಒಳ್ಳೆಯ ಮಾತು ಹೇಳಿರಲಿಲ್ಲ. ಹೂಂ ಎಂದು ತಲೆಯಾಡಿಸಿ, ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು.